ಧೈರ್ಯದ ಬೆಲೆ ತೆತ್ತವರು ಯಾರು?

ನೈಜೀರಿಯಾದ ಫೆಲಾ ಕುಟಿ ತೀರಿಕೊಂಡದ್ದು 1997ರಲ್ಲಿ. 2020ರಲ್ಲಿ ಅಲ್ಲಿನ ಯುವಜನ ಪೊಲೀಸ್ ದೌರ್ಜನ್ಯದ ವಿರುದ್ಧ ಬೀದಿಗಿಳಿದಾಗ ಕೇಳಿಬಂದದ್ದರಲ್ಲಿ ಆತನ ಹಾಡುಗಳೂ ಇದ್ದವು. ಆತ ಬೈದಿದ್ದ ಸೇನಾ ಸರ್ಕಾರಗಳು ಹೋದವು, ಬೈಗುಳ ಮಾತ್ರ ಹಳತಾಗಲಿಲ್ಲ.

ಇದರ ಗುಟ್ಟು ಸ್ವಲ್ಪಮಟ್ಟಿಗೆ ಸಂಗೀತದಲ್ಲೇ ಇದೆ. ಯೊರುಬಾ ತಾಳ, ಹೈಲೈಫ್, ಜಾಝ್, ಫಂಕ್ ಎಲ್ಲವನ್ನೂ ಬೆರೆಸಿ, ಡ್ರಮ್ಮರ್ ಟೋನಿ ಅಲೆನ್ ಜೊತೆಗೂಡಿ ಆತ ಕಟ್ಟಿದ್ದು ಆಫ್ರೋಬೀಟ್. ಹತ್ತು ಹದಿನೈದು ನಿಮಿಷದ ಹಾಡಿನಲ್ಲಿ ವಾದ್ಯಗಳು ಬಹಳ ಹೊತ್ತು ನುಡಿದ ಮೇಲೇ ದನಿ ಬರುತ್ತದೆ. ಅಷ್ಟರಲ್ಲಿ ಕೇಳುವವನ ಮೈ ಕುಣಿಯತೊಡಗಿರುತ್ತದೆ. ಭಾಷೆಯೂ ಅಷ್ಟೇ: ಎಲ್ಲ ಬುಡಕಟ್ಟಿನ ಸಂತೆಗೂ ಅರ್ಥವಾಗುವ ಪಿಜಿನ್ ಇಂಗ್ಲಿಷು.

ಆದರೆ ಈ ಹಾಡುಗಳನ್ನು ಕೇಳುವಾಗ ನನ್ನನ್ನು ಕಾಡುವುದು ಬೇರೊಂದು ಪ್ರಶ್ನೆ. ಕಲಾವಿದನ ಧೈರ್ಯಕ್ಕೆ ಬೆಲೆ ತೆರುವವರು ಯಾರು?

ಆಜ್ಞೆಗೆ ತಲೆಬಾಗುವ ಸೈನಿಕರನ್ನು ಅಣಕಿಸಿದ ‘ಝಾಂಬಿ’ ಬಂದ ಮೇಲೆ, 1977ರ ಫೆಬ್ರವರಿ 18ರಂದು ಸುಮಾರು ಸಾವಿರ ಸೈನಿಕರು ಲಾಗೋಸಿನ ಆತನ ಮನೆಗೆ ನುಗ್ಗಿದರು. ಆತ ‘ಕಲಕುಟ ಗಣರಾಜ್ಯ’ ಎಂದು ಕರೆಯುತ್ತಿದ್ದ ಆ ಮನೆ ಸುಟ್ಟುಹೋಯಿತು. ಆತನಿಗೆ ಬಿದ್ದ ಪೆಟ್ಟು ಸಣ್ಣದಲ್ಲ. ಆದರೆ ಪೆಟ್ಟು ಆತನೊಬ್ಬನಿಗೇ ಬೀಳಲಿಲ್ಲ. ಅಲ್ಲಿದ್ದ ಹೆಣ್ಣುಮಕ್ಕಳ ಮೇಲೆ ಅತ್ಯಾಚಾರ ನಡೆಯಿತು. ತಾಯಿ ಫುನ್ಮಿಲಾಯೊ ರಾನ್ಸಮ್-ಕುಟಿಯವರನ್ನು ಕಿಟಕಿಯಿಂದ ಎಸೆದರು. ಮರುವರ್ಷ ಅವರು ತೀರಿಕೊಂಡರು. ತನಿಖೆ ಮಾಡಿದ ಸರ್ಕಾರ ‘ಅಪರಿಚಿತ ಸೈನಿಕ’ನ ಮೇಲೆ ಹೊರಿಸಿ ಕೈತೊಳೆದುಕೊಂಡಿತು.

ಹಾಗಾದರೆ ಆತ ಹಾಡಬಾರದಿತ್ತೇ? ಹಾಗೆಂದರೆ ಹೊಡೆದವನ ತಪ್ಪನ್ನು ಹಾಡಿದವನ ತಲೆಗೆ ಕಟ್ಟಿದಂತೆ. ದಬ್ಬಾಳಿಕೆ ಬಯಸುವುದೂ ಅದನ್ನೇ: ‘ನಿನ್ನಿಂದ ನಿನ್ನವರಿಗೆ ನೋವು’ ಎಂದು ಬಾಯಿ ಮುಚ್ಚಿಸುವುದನ್ನು. ತಪ್ಪು ಪೂರ್ತಿ ಸೈನಿಕರದು, ಅವರನ್ನು ಕಳಿಸಿದವರದು. ಆದರೆ ತಪ್ಪು ಬೇರೆ, ಋಣ ಬೇರೆ. ತಪ್ಪಿಲ್ಲದವನಿಗೂ ಋಣವಿರುತ್ತದೆ.

ಆ ಋಣದ ಲೆಕ್ಕದಲ್ಲಿ ಫೆಲಾ ಅರ್ಧ ಮಾತ್ರ ಪ್ರಾಮಾಣಿಕ. ತಾಯಿಗಾಗಿ ಶವಪೆಟ್ಟಿಗೆಯನ್ನು ಸೇನಾ ಆಡಳಿತದ ಬಾಗಿಲಿಗೇ ಒಯ್ದ, ಅದನ್ನೂ ಹಾಡಾಗಿಸಿದ. ಆದರೆ ಆ ತಾಯಿ 1940ರ ದಶಕದಲ್ಲಿ ಅಬೆಯೊಕುಟಾದ ಹೆಂಗಸರನ್ನು ಒಗ್ಗೂಡಿಸಿ ತೆರಿಗೆಯ ವಿರುದ್ಧ ನಿಂತು, ಅಲ್ಲಿನ ಅರಸ ಪಟ್ಟ ಬಿಡುವಂತೆ ಮಾಡಿದಾಕೆ. ಮಗನೋ ‘ಲೇಡಿ’ಯಲ್ಲಿ ಸಮಾನತೆ ಕೇಳುವ ಹೆಣ್ಣನ್ನು ಗೇಲಿ ಮಾಡಿದ, 1978ರಲ್ಲಿ ಒಂದೇ ಸಲಕ್ಕೆ 27 ಹೆಂಗಸರನ್ನು ಮದುವೆಯಾದ. ಅವರಲ್ಲಿ ಹೆಚ್ಚಿನವರು ಆತನ ತಂಡದ ಗಾಯಕಿಯರು, ನರ್ತಕಿಯರು. ದೇಶದ ಯಜಮಾನಿಕೆಯನ್ನು ಪ್ರಶ್ನಿಸಿದವನು ಮನೆಯೊಳಗಿನದನ್ನು ಪ್ರಶ್ನಿಸಲಿಲ್ಲ.

ಇದರಿಂದ ಹಾಡು ಸುಳ್ಳಾಗುತ್ತದೆಯೇ? ನನಗೆ ಹಾಗನ್ನಿಸುವುದಿಲ್ಲ. ಅಧಿಕಾರದ ಬಗ್ಗೆ ಆತ ಹೇಳಿದ್ದು ನಿಜವಾದರೆ, ಅದು ಆತನಿಗೂ ಅನ್ವಯಿಸುವಷ್ಟು ನಿಜ. ಹಾಡುಗಾರನನ್ನೂ ಅಳೆಯಬಲ್ಲ ಹಾಡು ಹಾಡುಗಾರನಿಗಿಂತ ದೊಡ್ಡದು.

ಸಮಸ್ಯೆಯಿರುವುದು ನಮ್ಮ ಮೆಚ್ಚುಗೆಯಲ್ಲಿ. ಒಬ್ಬ ವೀರ ಸಿಕ್ಕರೆ ಸಾಕು, ಉಳಿದವರನ್ನು ಹಿನ್ನೆಲೆಗೆ ತಳ್ಳುತ್ತೇವೆ. ಆದರೆ ಫೆಲಾನ ಹಾಡುಗಳು ನಿಂತಿರುವುದೇ ಕರೆ ಮತ್ತು ಮಾರ್ದನಿಯ ಮೇಲೆ. ಆತ ಒಂದು ಮಾತೆಸೆದರೆ ಹೆಂಗಸರ ದನಿಗಳು ಅದನ್ನು ಎತ್ತಿಕೊಳ್ಳುತ್ತವೆ. ಆ ದನಿಗಳನ್ನು ತೆಗೆದರೆ ಪ್ರತಿಭಟನೆ ಒಬ್ಬ ಗಂಡಸಿನ ಗೊಣಗಾಟವಾಗಿ ಉಳಿದೀತು. ಹಾಗಾಗಿ ನಾನೀಗ ಮೊದಲು ಕಿವಿಗೊಡುವುದು ಆ ಮಾರ್ದನಿಗೆ.