ವೀರ ಸತ್ತ ಮೇಲೆ ಬರುವ ದೈವ

ವಿದ್ಯಾನಗರದ ಕಾಲೇಜು ಹುಡುಗರ ನಡುವೆ ಸಂಗೊಳ್ಳಿ ರಾಯಣ್ಣನ ಮಾತು ಬಂದರೆ ವಾದ ಎರಡು ಕಡೆ ಒಡೆಯುತ್ತದೆ. ಅವನು ಇತಿಹಾಸದ ಮನುಷ್ಯ, ಪವಾಡ ಕಟ್ಟಬೇಡಿ ಎನ್ನುವವರು ಕೆಲವರು. ದೈವಬಲವಿಲ್ಲದೆ ಕಂಪನಿ ಸರಕಾರವನ್ನು ಹಾಗೆ ಕಾಡಲು ಆಗುತ್ತಿತ್ತೇ ಎನ್ನುವವರು ಇನ್ನು ಕೆಲವರು. ದೈವ ಬರುವುದೇ ವೀರನನ್ನು ಗೆಲ್ಲಿಸಲು ಎಂಬುದನ್ನು ಮಾತ್ರ ಇಬ್ಬರೂ ಒಪ್ಪಿಕೊಂಡೇ ಮಾತಾಡುತ್ತಾರೆ. ನನ್ನ ತಕರಾರು ಅಲ್ಲೇ.

ನಮ್ಮ ವೀರಗಲ್ಲುಗಳನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ಎಷ್ಟೋ ಕಲ್ಲುಗಳಲ್ಲಿ ಶತ್ರುಗಳು ಹೊಡೆದುಕೊಂಡು ಹೊರಟ ದನ. ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು. ಮೇಲೆ ಶಿವಲಿಂಗ, ಅದರ ಮುಂದೆ ಕೈಮುಗಿದು ಕೂತ ವೀರ, ಮೂಲೆಯಲ್ಲಿ ಸೂರ್ಯ ಚಂದ್ರ. ಒಬ್ಬ ಅಪ್ಸರೆಯನ್ನು ಕೆಳಗಿಳಿಸಿ ಬಾಣ ತಡೆಸುವುದು ಶಿಲ್ಪಿಗೆ ಕಷ್ಟವಾಗುತ್ತಿರಲಿಲ್ಲ. ಅವನು ತಡೆಸಲಿಲ್ಲ. ಅವರು ಬರುವುದು ಜೀವ ಹೋದ ಮೇಲೆಯೇ.

ಐರ್ಲೆಂಡಿನ ಕೂ ಹುಲಿನ್‌ನ ಕಥೆಯನ್ನು ಎದುರಿಗಿಟ್ಟು ನೀವು ವಾದಿಸಬಹುದು. ಅದೂ ಒಂದು ತುರುಗೋಳ್, ಅಂದರೆ ದನ ಹೊಡೆದೊಯ್ಯುವ, ಕಥೆಯೇ: ಒಂದು ಹೋರಿಗಾಗಿ ರಾಣಿ ಮೇವ್ ದಂಡೆತ್ತಿ ಬರುತ್ತಾಳೆ, ಈ ಹುಡುಗ ಒಬ್ಬನೇ ತಡೆಯುತ್ತಾನೆ. ಅವನ ತಂದೆ ಲೂ ಎಂಬ ದೇವರು, ಮಗ ಬದುಕಿರುವಾಗಲೇ ನೆರವಿಗೆ ಬರುತ್ತಾನೆ. ಆದರೆ ಆ ನೆರವಿನ ಬೆಲೆ ನೋಡಿ. ಗಾಯಗೊಂಡ ಮಗನನ್ನು ಲೂ ಮೂರು ದಿನ ಮಲಗಿಸಿ ವಾಸಿಮಾಡುತ್ತಾನೆ. ಅಷ್ಟರಲ್ಲಿ ಅವನ ಬದಲು ಕಾದಲು ಬಂದ ಅಲ್ಸ್ಟರ್‌ನ ಬಾಲಕರೆಲ್ಲ ಸತ್ತಿರುತ್ತಾರೆ. ಕೊನೆಯ ಕಾಳಗಕ್ಕೆ ಹೋಗುವಾಗ ಮೂವರು ಮುದುಕಿಯರು ನಾಯಿಮಾಂಸ ಉಣ್ಣಲು ಕರೆಯುತ್ತಾರೆ. ಅದನ್ನು ತಿನ್ನಬಾರದೆಂಬ ಕಟ್ಟು ಅವನಿಗಿದೆ, ಒಲೆಯ ಬಳಿ ಕರೆದವರಿಗೆ ಇಲ್ಲವೆನ್ನಬಾರದೆಂಬ ಕಟ್ಟೂ ಇದೆ. ತಿನ್ನುತ್ತಾನೆ, ಕೈಯ ಬಲ ಹೋಗುತ್ತದೆ. ನಿಂತೇ ಸಾಯಬೇಕೆಂದು ಕಲ್ಲುಕಂಬಕ್ಕೆ ತನ್ನನ್ನು ಕಟ್ಟಿಕೊಳ್ಳುತ್ತಾನೆ. ಬ್ರಿಟಿಷರ ವಿರುದ್ಧ ಐರಿಶರು ಎದ್ದ 1916ರ ದಂಗೆಯ ನೆನಪಿಗೆ ಡಬ್ಲಿನ್‌ನ ಅಂಚೆ ಕಚೇರಿಯಲ್ಲಿ ನಿಲ್ಲಿಸಿದ್ದು ಈ ಸಾಯುತ್ತಿರುವ ವೀರನ ಪ್ರತಿಮೆಯನ್ನೇ. ಸೋತ ದಂಗೆಯವರಿಗೆ ಅವನ ಗೆಲುವುಗಳಿಗಿಂತ ಆ ಸಾವು ಹತ್ತಿರದ್ದಾಗಿ ಕಂಡಿತು.

ರಾಯಣ್ಣನೂ ಸೋತವನೇ. ಸರಕಾರಿ ಕಚೇರಿ ಸುಟ್ಟ, ಖಜಾನೆ ಲೂಟಿ ಮಾಡಿದ, ನಮ್ಮವರದೇ ಮೋಸದಿಂದ ಸಿಕ್ಕಿಬಿದ್ದ. 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿಸಿದರು. ಜನರ ಹಾಡು ಮೋಸವನ್ನು ಮುಚ್ಚಿಡುವುದಿಲ್ಲ, ಹಗ್ಗವನ್ನು ಹೂವಾಗಿಸುವುದಿಲ್ಲ. ಅಲೌಕಿಕವೆಲ್ಲ ಸಮಾಧಿಯ ಆಲದ ಮರದ ಕೆಳಗೆ ಶುರುವಾಗುತ್ತದೆ. ಮಕ್ಕಳಾಗಲೆಂದು ಹೆಣ್ಣುಮಕ್ಕಳು ಅಲ್ಲಿ ಪುಟ್ಟ ತೊಟ್ಟಿಲು ಕಟ್ಟುತ್ತಾರೆ. ನೇಣಿಗೇರಿದವನ ಹತ್ತಿರ ಹೊಸ ಜೀವ ಬೇಡುವ ಈ ನಂಬಿಕೆಯನ್ನು ಅಜ್ಞಾನವೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಊರಿನ ದನಕ್ಕಾಗಿಯೋ ಹೊಲಕ್ಕಾಗಿಯೋ ಸತ್ತವನ ಋಣ ತೀರಿಸಲು ಊರಿನವರ ಕೈಲಿ ಏನೂ ಇರುವುದಿಲ್ಲ. ಸ್ವರ್ಗ, ಪೂಜೆ, ಹರಕೆ ಎಲ್ಲ ತೀರದ ಆ ಋಣವನ್ನು ಹೊತ್ತುಕೊಂಡಿರುವ ರೀತಿಗಳು.

ಇದೇ ಕಾರಣಕ್ಕೆ ರಾಯಣ್ಣನನ್ನು ಹುಟ್ಟಿನಿಂದಲೇ ಅವತಾರಪುರುಷನನ್ನಾಗಿಸುವವರ ಮೇಲೆ ನನಗೆ ಸಿಟ್ಟಿದೆ. ಬಾಣ ತಾಗದ ಮೈಯವನಿಗೆ ಅಂಜಿಕೆ ಎಲ್ಲಿಯದು? ಅಂಜಿಕೆಯೇ ಇಲ್ಲದಿದ್ದರೆ ಅವನು ಗೆದ್ದದ್ದಾದರೂ ಏನನ್ನು? ಅವನ ಸಾವು ಮೊದಲೇ ಬರೆದಿಟ್ಟ ಲೀಲೆಯಾದರೆ, ಹಿಡಿದುಕೊಟ್ಟವರೂ ಸುಮ್ಮನೆ ನೋಡುತ್ತ ನಿಂತವರೂ ಪಾರಾಗಿಬಿಡುತ್ತಾರೆ. ತೊಟ್ಟಿಲು ಕಟ್ಟುವ ಹೆಣ್ಣುಮಗಳು ಹಾಗೆ ಯಾರನ್ನೂ ಪಾರುಮಾಡುವುದಿಲ್ಲ. ಅವಳು ಕೈಮುಗಿಯುವುದು ಗಲ್ಲಿಗೇರಿದ ರಾಯಣ್ಣನಿಗೇ.