ಇಂದಿನ ಚಿಂತನೆ: ಏನಾದರೂ ಆದರೆ?



2017ರ ಫೆಬ್ರವರಿ. ದಡಾರ-ರುಬೆಲ್ಲಾ ಲಸಿಕೆ ಅಭಿಯಾನ ನಮ್ಮ ಶಾಲೆಗೂ ಬಂದಿತ್ತು. ವಾಟ್ಸಾಪ್‌ನಲ್ಲಿ ಏನೇನೋ ಪುಕಾರು (ಈಗ ನಾನೂ ಅದರಲ್ಲೇ ಬರೆಯುತ್ತಿದ್ದೇನೆ, ಇರಲಿ). ಪೋಷಕರ ಸಭೆಯಲ್ಲಿ ಐದನೇ ತರಗತಿ ಹುಡುಗಿಯ ತಾಯಿ ಎದ್ದು ಕೇಳಿದರು: "ಏನಾದ್ರೂ ಆದ್ರೆ ನೀವು ಜವಾಬ್ದಾರಿ ತಗೋತೀರಾ ಮೇಷ್ಟ್ರೇ?" "ಏನೂ ಆಗಲ್ಲಮ್ಮ, ನಾನಿದ್ದೀನಿ" ಎಂದುಬಿಟ್ಟೆ. ಏನೂ ಆಗಲಿಲ್ಲ. ಆದರೆ ಹಾಗೆ ಭರವಸೆ ಕೊಡುವ ಅಧಿಕಾರ ನನಗೆಲ್ಲಿತ್ತು? ನಮ್ಮ ಬಳಗದಲ್ಲಿ ಸಮ್ಯಕ್ ವಾಚಾ ಕುರಿತು ಮಾತಾಡುವವನು ನಾನೇ.

ಲಸಿಕೆ ಬೇಕು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೂ ಅಪರೂಪಕ್ಕೆ ಯಾರಿಗೋ ಪೆಟ್ಟಾಗುತ್ತದೆ. ಕೋವಿಡ್ ಲಸಿಕೆಯ ನಂತರ ತೀರಿಕೊಂಡ ಇಬ್ಬರು ಯುವತಿಯರ ತಂದೆತಾಯಿ ಸುಪ್ರೀಂ ಕೋರ್ಟಿಗೆ ಹೋದಾಗ, 2022ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಪ್ರಮಾಣಪತ್ರ ಸಲ್ಲಿಸಿತು: ಲಸಿಕೆ ಐಚ್ಛಿಕವಾಗಿತ್ತು, ಸರ್ಕಾರ ಹೊಣೆಯಲ್ಲ, ಬೇಕಿದ್ದರೆ ಸಿವಿಲ್ ಕೋರ್ಟಿಗೆ ಹೋಗಲಿ. ಅಲ್ಲಿ ಹೋದರೆ ಯಾರ ತಪ್ಪು ಎಂದು ತೋರಿಸಬೇಕು. ಮದ್ದು ಸರಿಯಾಗಿತ್ತು, ನರ್ಸ್ ಕೈ ಶುದ್ಧವಾಗಿತ್ತು, ಆದರೂ ಒಂದು ದೇಹ ತಡೆಯಲಿಲ್ಲ ಎಂದಾದರೆ ಯಾರನ್ನು ತೋರಿಸುವುದು?

"ಕರ್ಮ ಅಂದುಕೊಂಡು ಬಿಡಬೇಕು, ಕೋರ್ಟು ಅಂದರೆ ತೃಷ್ಣೆ" ಎಂದರು ನಮ್ಮ ಬಳಗದ ಹಿರಿಯರೊಬ್ಬರು. ನನಗೆ ಸಿಟ್ಟು ಬಂತು, ನುಂಗಿಕೊಂಡೆ. ಸಂಯುತ್ತ ನಿಕಾಯದ ಸೀವಕ ಸುತ್ತ ತೆರೆದು ನೋಡಿ. ಅನುಭವಿಸುವುದೆಲ್ಲ ಹಿಂದಿನ ಕರ್ಮದ ಫಲವೇ ಎಂಬ ಪ್ರಶ್ನೆಗೆ ಭಗವಾನರು ಒಪ್ಪುವುದಿಲ್ಲ. ಪಿತ್ತ, ಕಫ, ವಾತ, ಋತುವಿನ ಬದಲಾವಣೆ ಹೀಗೆ ಎಂಟು ಕಾರಣ ಹೇಳುತ್ತಾರೆ. ಕರ್ಮ ಅದರಲ್ಲಿ ಒಂದು ಮಾತ್ರ, ಅದೂ ಕೊನೆಯದು. ಕಾಲು ಬಿದ್ದುಹೋದ ಮಗುವಿಗೆ ಗಾಲಿಕುರ್ಚಿಯ ದುಡ್ಡು ಕೇಳುವುದು ತೃಷ್ಣೆಯೇ? ಒಬ್ಬರ ಮೈಮೇಲೆ ಬಿದ್ದದ್ದು ಊರಿಗೆಲ್ಲ ರಕ್ಷಣೆ ಕೊಟ್ಟ ಕೆಲಸದ ಬೆಲೆ. ಅದನ್ನು ಊರೇ ಹೊರಬೇಕಲ್ಲವೇ?

ಅಮೆರಿಕದಲ್ಲಿ 1986ರ ಕಾಯ್ದೆಯಿಂದ ಇಂಥದೊಂದು ಏರ್ಪಾಡಿದೆ. ಲಸಿಕೆ ತಡೆಯುವ ಪ್ರತಿ ರೋಗಕ್ಕೆ ಡೋಸಿಗೆ 75 ಸೆಂಟ್ ತೆರಿಗೆ. ಮೂರು ರೋಗದ ಎಂಎಂಆರ್‌ಗೆ 2.25 ಡಾಲರ್. ಆ ನಿಧಿಯಿಂದ ಗಾಯಗೊಂಡವರಿಗೆ ಪರಿಹಾರ. ಯಾರದೋ ತಪ್ಪು ಎಂದು ಸಾಬೀತು ಮಾಡಬೇಕಿಲ್ಲ. ಅಲ್ಲೂ ವರ್ಷಗಟ್ಟಲೆ ಕಾಯುವವರಿದ್ದಾರೆ. ಆದರೂ ಸೂಜಿ ಚುಚ್ಚಿಸಿಕೊಂಡ ಪ್ರತಿ ಮಗುವಿನ ಪಾಲೂ ಅದರಲ್ಲಿರುತ್ತದೆ ಎಂಬುದು ನನಗೆ ದಾನದ ಹಾಗೇ ಕಾಣುತ್ತದೆ.

ಆ ತಾಯಿ ಈಗಲೂ ಸಂತೆಯಲ್ಲಿ ಸಿಗುತ್ತಾರೆ. ಮತ್ತೆ ಕೇಳಿದರೆ, ಲಸಿಕೆ ಹಾಕಿಸಿ ಎಂದೇ ಹೇಳುತ್ತೇನೆ. "ಏನೂ ಆಗಲ್ಲ" ಎನ್ನುವುದಿಲ್ಲ. ಏನಾದರೂ ಆದರೆ ಅರ್ಜಿ ನಾನು ಬರೆದುಕೊಡುತ್ತೇನೆ ಎನ್ನುತ್ತೇನೆ.