ಅವ್ವನ ಒತ್ತಕ್ಷರ

ಹಚ್ಚೆ ನಮ್ಮ ಹೆಣ್ಣುಮಕ್ಕಳಿಗೆ ಹೊಸದಲ್ಲ. ಕೊರವಂಜಿಯ ಮುಂದೆ ಕೈ ಚಾಚಿ, ಹಲ್ಲು ಕಚ್ಚಿ ಕುಳಿತವರು ನಮ್ಮ ಅಜ್ಜಿಯರು. ಸತ್ತಾಗ ಸಂಗಡ ಬರುವ ಒಡವೆ ಇದೊಂದೇ ಎನ್ನುತ್ತಿದ್ದರು. ಅವರ ಹಚ್ಚೆಯಲ್ಲಿ ಚುಕ್ಕಿ, ಬಳ್ಳಿ ಇರುತ್ತಿದ್ದವು, ಅಕ್ಷರ ಕಡಿಮೆ. ಓದು ಬಂದ ಮೇಲೆ ಅಕ್ಷರವೂ ಮೈಮೇಲೆ ಬಂತು, ಅದರ ಹಿಂದೆಯೇ ತಪ್ಪು ಒಪ್ಪಿನ ಪ್ರಶ್ನೆಯೂ ಬಂತು.

ತಾಯಿಯನ್ನು ಕಳೆದುಕೊಂಡ ಸಿಂಧನೂರಿನ ಹುಡುಗಿಯೊಬ್ಬಳು 'ಅವ್ವ' ಎಂದು ಮಸ್ಕಿಯ ಅಶೋಕನ ಅಕ್ಷರದಲ್ಲಿ ಹಚ್ಚೆ ಹಾಕಿಸಿಕೊಳ್ಳಬೇಕೆಂದಿದ್ದಾಳೆ. ಅವ್ವನಿಗೆ ನಮ್ಮ ಸೀಮೆಯ ಹಳೆಯ ಅಕ್ಷರವೇ ಆಗಬೇಕು ಎಂಬುದು ಅವಳ ಆಸೆ.

ಹಿಂದೆ ಲಿಂಗಸುಗೂರು ತಾಲೂಕಿಗೆ ಸೇರಿದ್ದ ಮಸ್ಕಿಯಲ್ಲಿ 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಅವರ ಕಣ್ಣಿಗೆ ಬಿದ್ದ ಆ ಶಾಸನ, 'ದೇವಾನಾಂಪ್ರಿಯ'ನೆಂದರೆ ಅಶೋಕನೇ ಎಂದು ತಿಳಿಸಿಕೊಟ್ಟಿತು. ಆದರೆ ಅದರ ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಒಂದೇ ವ್ಯಂಜನಕ್ಕೆ ಅದರದೇ ಒತ್ತು ಕೊಡುವ ರೂಢಿ ಆ ಬರವಣಿಗೆಯಲ್ಲಿಲ್ಲ. 'ಸವ್ವ' ಎಂದು ನುಡಿಯುವುದನ್ನು 'ಸವ' ಎಂದೇ ಕೆತ್ತಿಸುತ್ತಿದ್ದರು. ಆ ಪದ್ಧತಿ ಹಿಡಿದರೆ 'ಅವ್ವ' ಹೋಗಿ 'ಅವ' ಆಗುತ್ತದೆ. ನಮ್ಮ ಮಾತಿನಲ್ಲಿ ಅವ ಎಂದರೆ ಯಾರೋ ಗಂಡಸು! ಒತ್ತು ಸೇರಿಸಿದರೆ ಅಶೋಕನ ಕಾಲದ ಬರಹವೆಂಬ ಮಾತು ಉಳಿಯುವುದಿಲ್ಲ.

ಯಾರಿಗೆ ಓದಲು ಬರುತ್ತದೆ, ಬಿಡಿ ಎನ್ನಬಹುದು. ಅವಳಿಗೆ ಬೇಕಾದದ್ದೂ ಅದೇ. ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತವರು ಓದಿ, 'ನಿಮ್ಮವ್ವಗ ಏನಾಗಿತ್ತವಾ?' ಎಂದು ಕೇಳಬಾರದು. ದುಃಖವನ್ನು ಮರೆಯಲ್ಲಿಡುವ ಹಕ್ಕು ಅವಳದು, ಒಪ್ಪುತ್ತೇನೆ. ಆದರೆ ಓದುವವಳು ತಾನೊಬ್ಬಳೇ ಎಂದ ಮಾತ್ರಕ್ಕೆ ತಪ್ಪು ಹಗುರಾಗುವುದಿಲ್ಲ. ಅದನ್ನು ದಿನವೂ ನೋಡಬೇಕಾದವಳು ಅವಳೇ ಅಲ್ಲವೇ?

ಇನ್ನೊಂದು ಮಾತು. ಅಶೋಕ ಹಳೆಯ ಲಿಪಿಯನ್ನು ಹುಡುಕಿ ಹೋಗಲಿಲ್ಲ. ತನ್ನ ಕಾಲದವರು ಓದುವ ಲಿಪಿಯಲ್ಲೇ ಬರೆಸಿದ. ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಧರ್ಮವನ್ನು ಸಾಧಿಸಬಲ್ಲರು ಎಂಬುದು ಆ ಶಾಸನದ ತಿರುಳು. ನಾವು ಕೈಮುಗಿಯಬೇಕಾದದ್ದು ಆ ಮಾತಿಗೆ, ಬರೀ ಅದರ ಹಳೆತನಕ್ಕಲ್ಲ.

ಹಳೆಯದೇ ಬೇಕೆಂದರೆ ಬಾದಾಮಿಯ ಕಡೆ ನೋಡಬಹುದು. ಸುಮಾರು ಕ್ರಿ.ಶ. 700ರ ಕಪ್ಪೆ ಅರಭಟ್ಟನ ಶಾಸನದಲ್ಲಿ ಕನ್ನಡದ ತ್ರಿಪದಿಗಳಿವೆ. 'ಕಪ್ಪೆ' ಎಂಬ ಹೆಸರಿನಲ್ಲೇ ಒತ್ತಕ್ಷರವಿದೆ. ಕನ್ನಡದ ಮಾತಿಗೆ ಕನ್ನಡ ಬರೆದು ರೂಢಿಯಾದ ಅಕ್ಷರವೇ ಒಪ್ಪುತ್ತದೆ. ಸಾವಿರ ವರುಷ ಹೆಚ್ಚು ಹಳೆಯದೆಂಬ ಹೆಮ್ಮೆಗಾಗಿ ಅವ್ವನ ಒತ್ತನ್ನು ಬಿಟ್ಟುಕೊಡುವುದು ನನಗೆ ನ್ಯಾಯವೆನಿಸುವುದಿಲ್ಲ.

ಅವಳಿನ್ನೂ ನಿರ್ಧರಿಸಿಲ್ಲ. ಸೂಜಿ ತಾಗುವ ಮುನ್ನ ಎರಡನ್ನೂ ನಾಲ್ಕು ದಿನ ಹಾಳೆಯ ಮೇಲೆ ಬರೆದು ನೋಡಲಿ. ಹಾಳೆಯ ಮೇಲಿನದಾದರೆ ಅಳಿಸಬಹುದು.